ಒಂದು ಹೆಜ್ಜೆಯ ಜಾಗ



ವರ್ಷಕ್ಕೊಮ್ಮೆ ಧ್ವಜವೇರುವ ಮಂಗಳ ದಿನದಂದು ಜೂಜುವಾಡಿಯ ಸುತ್ತಮುತ್ತಲಿನ ಜೈನ ಕುಟುಂಬಗಳು ಒಂದೇ ಮಂದಿರದ ಅಂಗಳದಲ್ಲಿ ಸೇರುತ್ತವೆ. ಒಬ್ಬರ ಮನೆಮಾತು ಮಾರವಾಡಿ, ಇನ್ನೊಬ್ಬರದು ಗುಜರಾತಿ, ಮತ್ತೊಬ್ಬರದು ಕನ್ನಡ, ಮಗದೊಬ್ಬರದು ತಮಿಳು. ಉಡುಗೆ ಬೇರೆ, ಅಡುಗೆಯ ರುಚಿ ಬೇರೆ. ಆದರೆ ನವಕಾರ ಮಂತ್ರ ಒಂದೇ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ನಿಯಮ ಒಂದೇ. ನೀರನ್ನು ಸೋಸಿ ಕುಡಿಯುವ ಆಚಾರವೂ ಒಂದೇ.

ಸೋಸಿದ ಬಟ್ಟೆಯ ಪಾಠ

ನೀರು ಸೋಸುವ ಆಚಾರದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಎಲ್ಲರಿಗೂ ನೆನಪಿದೆ, ಎರಡನೆಯದು ಮರೆತುಹೋಗುತ್ತಿದೆ. ಹಿಂದಿನ ಕಾಲದ ಶ್ರಾವಿಕೆಯರು ನೀರನ್ನು ಸೋಸಿದ ಮೇಲೆ ಬಟ್ಟೆಯನ್ನು ಒಣನೆಲದ ಮೇಲೆ ಕೊಡವುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಸೇದಿದ್ದರೋ ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದರು. ಬೇರೆ ಬಾವಿಗೆ ಬಿಟ್ಟರೂ ದೋಷವೆಂದು ಅವರು ತಿಳಿದಿದ್ದರು. ಒಂದು ನೀರಿನ ಜೀವಿ ಇನ್ನೊಂದು ನೀರಿನಲ್ಲಿ ಬದುಕುವುದೆಂಬ ಭರವಸೆಯಿಲ್ಲ.

ಇಷ್ಟರಲ್ಲಿಯೇ ಒಂದು ದೊಡ್ಡ ಧರ್ಮಸೂಕ್ಷ್ಮ ಅಡಗಿದೆ. ಜೀವಿಯನ್ನು ಕೊಲ್ಲದಿರುವುದು ದಯೆಯ ಅರ್ಧಭಾಗ ಮಾತ್ರ. ಅದನ್ನು ಅದರ ಮನೆಗೆ ಮರಳಿಸುವುದು ಉಳಿದ ಅರ್ಧ. ಈಗ ನಲ್ಲಿಯ ಹಾಗೂ ಕೊಳವೆ ಬಾವಿಯ ನೀರು ಬಳಸುವ ಮನೆಗಳಲ್ಲಿ ಆ ಎರಡನೆಯ ಭಾಗವನ್ನು ಎಲ್ಲಿ ಪಾಲಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಊರಿನ ಕೆರೆ, ಉದ್ಯಾನ, ಗುಡ್ಡ, ಕಾಡಂಚುಗಳೇ ಇಂದು ಆ ಬಾವಿಯ ಸ್ಥಾನದಲ್ಲಿವೆ. ಅವುಗಳನ್ನು ಅಲ್ಲಿನ ಜೀವಿಗಳಿಗೆ ಮತ್ತೆ ಮನೆಯಾಗಿಸುವುದು ಹೊಸ ಕಾಲದ ಹೊಸ ವಿಚಾರವಲ್ಲ. ಸೋಸಿದ ಬಟ್ಟೆಯನ್ನು ತೊಳೆದು ಬಾವಿಗಿಳಿಸಿದ ಅಜ್ಜಿಯರ ಧರ್ಮವೇ ಆಗಿದೆ.

ಎತ್ತಿದ ಕಾಲನ್ನು ಊರದ ಆನೆ

ಜ್ಞಾತಾಧರ್ಮಕಥಾ ಎಂಬ ಅಂಗಾಗಮದ ಮೊದಲ ಅಧ್ಯಯನಕ್ಕೆ ‘ಉತ್ಕ್ಷಿಪ್ತ’ ಎಂಬ ಹೆಸರಿದೆ. ಎಂದರೆ ‘ಮೇಲೆತ್ತಿದ್ದು’. ಮೇಲೆತ್ತಿದ್ದು ಯಾವುದು? ಒಂದು ಆನೆಯ ಕಾಲು.

ಮಗಧದ ರಾಜನಾದ ಶ್ರೇಣಿಕ ಮತ್ತು ಧಾರಿಣೀ ದೇವಿಯರ ಮಗನಾದ ಮೇಘಕುಮಾರನು ಭಗವಾನ್ ಮಹಾವೀರರಲ್ಲಿ ದೀಕ್ಷೆ ಪಡೆದನು. ಕಿರಿಯ ಮುನಿಯಾದುದರಿಂದ ಮೊದಲ ರಾತ್ರಿ ಅವನಿಗೆ ಬಾಗಿಲ ಬಳಿ ಮಲಗುವ ಜಾಗ ದೊರೆಯಿತು. ಹೋಗಿಬರುವ ಮುನಿಗಳ ಕಾಲು ತಗುಲಿ, ಧೂಳು ಬಿದ್ದು ರಾತ್ರಿಯಿಡೀ ನಿದ್ರೆ ಹತ್ತಲಿಲ್ಲ. ಅರಮನೆಗೆ ಮರಳುವುದೇ ಲೇಸೆಂದು ಬೆಳಿಗ್ಗೆ ಭಗವಂತರ ಬಳಿಗೆ ಬಂದನು. ಆಗ ಭಗವಂತರು ಅವನ ಪೂರ್ವಜನ್ಮವನ್ನು ತಿಳಿಸಿದರು.

ಆ ಜನ್ಮದಲ್ಲಿ ಅವನು ಮೇರುಪ್ರಭ ಎಂಬ ಆನೆಯಾಗಿದ್ದನು. ಹಿಂದೊಮ್ಮೆ ಕಾಳ್ಗಿಚ್ಚಿನಿಂದ ನೊಂದಿದ್ದ ನೆನಪು ಅವನಲ್ಲಿ ಉಳಿದಿತ್ತು. ಆದುದರಿಂದ ಮಳೆಗಾಲದ ಮೊದಲಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ಹೀಗೆ ಮೂರು ಬಾರಿ ಗಿಡ ಬಳ್ಳಿಗಳನ್ನು ಕಿತ್ತು, ಬೆಂಕಿ ಹಬ್ಬದ ಒಂದು ವಿಶಾಲ ಮಂಡಲವನ್ನು ಸಿದ್ಧಪಡಿಸಿದನು. ಬೇಸಗೆಯಲ್ಲಿ ಕಾಡು ಹೊತ್ತಿ ಉರಿದಾಗ ಸಿಂಹ, ಹುಲಿ, ಜಿಂಕೆ, ನರಿ, ಮೊಲ ಎಲ್ಲವೂ ವೈರವನ್ನು ಮರೆತು ಆ ಮಂಡಲದೊಳಗೆ ಒತ್ತಾಗಿ ನಿಂತವು. ಮೈ ತುರಿಸಿಕೊಳ್ಳಲೆಂದು ಆನೆ ಒಂದು ಕಾಲನ್ನೆತ್ತಿತು. ಅಷ್ಟರಲ್ಲಿ ಎಲ್ಲಿಯೂ ಜಾಗ ಸಿಗದ ಒಂದು ಮೊಲ ಆ ಕಾಲಿನಡಿಯ ತೆರವಿಗೆ ಬಂದು ಕುಳಿತಿತು. ಕಾಲನ್ನು ಊರಬೇಕೆನ್ನುವಾಗ ಆನೆ ಕೆಳಗೆ ನೋಡಿತು. ಕಾಲನ್ನು ಊರಲಿಲ್ಲ. ಎರಡೂವರೆ ದಿನಗಳ ಬಳಿಕ ಬೆಂಕಿ ಆರಿ, ಮೃಗಗಳೆಲ್ಲ ಚದುರಿ, ಮೊಲವೂ ಹೊರಟುಹೋಯಿತು. ಮರಗಟ್ಟಿದ ಕಾಲನ್ನು ಊರಲಾರದೆ ಆನೆ ಬೆಟ್ಟ ಕುಸಿದಂತೆ ಬಿದ್ದು, ಮೂರು ದಿನ ನೋವುಂಡು ಪ್ರಾಣ ಬಿಟ್ಟಿತು. ಆ ಅನುಕಂಪೆಯ ಫಲವಾಗಿ ರಾಜಪುತ್ರನಾಗಿ ಹುಟ್ಟಿತು. ಇದನ್ನು ಕೇಳಿದ ಮೇಘಮುನಿಯ ಮನಸ್ಸು ಸ್ಥಿರವಾಯಿತು.

ಆನೆ ಮೊಲಕ್ಕೆ ಆಹಾರ ಕೊಡಲಿಲ್ಲ. ಗೂಡು ಕಟ್ಟಿಕೊಡಲಿಲ್ಲ. ತನ್ನ ಒಂದು ಹೆಜ್ಜೆಯ ಜಾಗವನ್ನು ಬಿಟ್ಟುಕೊಟ್ಟಿತು, ಅಷ್ಟೆ. ಕೊಡುವುದಕ್ಕಿಂತ ಬಿಡುವುದು ಕಠಿಣ ಎಂಬುದನ್ನು ಈ ಕಥೆ ಕಲಿಸುತ್ತದೆ.

ಹೊಸೂರು ಸೀಮೆಯಲ್ಲಿ ಆನೆಯ ಹೆಜ್ಜೆ

ಈ ಕಥೆಯ ಆನೆ ಹೊಸೂರು ಸೀಮೆಯವರಿಗೆ ಪುರಾಣದ ಪ್ರಾಣಿ ಮಾತ್ರವಲ್ಲ. ರಾಗಿ ತೆನೆಗಟ್ಟುವ ದಿನಗಳಲ್ಲಿ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿಯ ಕಾಡುಗಳನ್ನು ಹಾದು ಆನೆಗಳ ಹಿಂಡುಗಳು ಪ್ರತಿವರ್ಷ ಬರುತ್ತವೆ. ಹೊಸೂರಿಗೆ ಸಮೀಪದ ಸಾನಮಾವು ಕಾಡಿನಲ್ಲಿ ಬೀಡು ಬಿಡುತ್ತವೆ. ರೈತರು ರಾತ್ರಿಯಿಡೀ ಹೊಲ ಕಾಯುತ್ತಾರೆ. ಕೆಲವೊಮ್ಮೆ ಮನುಷ್ಯರ ಪ್ರಾಣಹಾನಿಯಾಗುತ್ತದೆ, ಕೆಲವೊಮ್ಮೆ ಆನೆಯೇ ಸಾಯುತ್ತದೆ. ಎರಡೂ ಕಡೆ ಕಣ್ಣೀರಿದೆ.

ಬನ್ನೇರುಘಟ್ಟವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದದ್ದು 1974ರಲ್ಲಿ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವವನ್ನು ದೇಶವೆಲ್ಲ ಆಚರಿಸಲು ತೊಡಗಿದ್ದೂ ಅದೇ ವರ್ಷ. ಗಡಿಯ ಈಚೆಗೆ ತಮಿಳುನಾಡು ಸರಕಾರವು 2014ರಲ್ಲಿ ಸುಮಾರು 504 ಚದರ ಕಿಲೋಮೀಟರ್ ಕಾಡನ್ನು ಕಾವೇರಿ ಉತ್ತರ ವನ್ಯಜೀವಿಧಾಮವೆಂದೂ, 2022ರಲ್ಲಿ ಸುಮಾರು 686 ಚದರ ಕಿಲೋಮೀಟರ್ ಕಾಡನ್ನು ಕಾವೇರಿ ದಕ್ಷಿಣ ವನ್ಯಜೀವಿಧಾಮವೆಂದೂ ಘೋಷಿಸಿತು. ರಾಜ್ಯದ ಗಡಿರೇಖೆ ಮನುಷ್ಯರ ಕಾಗದದಲ್ಲಿದೆ, ಆನೆಯ ದಾರಿಯಲ್ಲಿಲ್ಲ. ನಾಲ್ಕು ಭಾಷೆಗಳ ಕುಟುಂಬಗಳು ಒಂದೇ ಮಂದಿರದ ಬಾಗಿಲಲ್ಲಿ ಹೇಗೆ ಒಂದಾಗುತ್ತವೆಯೋ ಹಾಗೆ ಈ ಕಾಡುಗಳೂ ಒಂದಾಗಿ ಉಳಿದರೆ ಮಾತ್ರ ಆ ಜೀವಿಗಳಿಗೆ ಬದುಕುಂಟು.

ಆದರೆ ಕಾಡನ್ನು ಘೋಷಿಸಿದ ಮಾತ್ರಕ್ಕೆ ಅದು ಜೀವಿಗಳ ಮನೆಯಾಗಿ ಉಳಿಯುವುದಿಲ್ಲ. ದಕ್ಷಿಣ ಭಾರತದ ಕಾಡುಗಳ ಒಳಗೆ ಲಂಟಾನ ಎಂಬ ಮುಳ್ಳುಪೊದೆ ಗೋಡೆಯಂತೆ ಬೆಳೆದಿದೆ. ಅಮೆರಿಕ ಖಂಡದ ಈ ಗಿಡ 19ನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಲುವಿಗಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಅದರ ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಡೆ ಚೆಲ್ಲಿದವು. ಅದರ ಕೆಳಗೆ ಹುಲ್ಲು ಬೆಳೆಯದು. ಹುಲ್ಲಿಲ್ಲದೆ ಜಿಂಕೆಗೂ ಆನೆಗೂ ಮೇವು ಕಡಿಮೆಯಾಗುತ್ತದೆ. ಬೇಸಗೆಯಲ್ಲಿ ಒಣಗಿದ ಪೊದೆಯೇ ಕಾಳ್ಗಿಚ್ಚಿಗೆ ಸೌದೆಯಾಗುತ್ತದೆ. ಕೆರೆಗಳನ್ನು ಮುಚ್ಚುವ ಅಂತರಗಂಗೆ ಕಳೆಯೂ ಹೀಗೆಯೇ ಅಲಂಕಾರಕ್ಕೆಂದು ಬಂದದ್ದು. ಕಣ್ಣಿನ ಸುಖಕ್ಕಾಗಿ ಮಾಡಿದ ಒಂದು ಸಣ್ಣ ಕೆಲಸದ ಕರ್ಮಫಲವನ್ನು ಇನ್ನೂರು ವರ್ಷಗಳ ಬಳಿಕವೂ ಮೂಕಪ್ರಾಣಿಗಳು ಉಣ್ಣುತ್ತಿವೆ.

ಉದ್ಯಾನ ಯಾರ ಮನೆ?

ಕಾಡಿನ ಮಾತು ದೊಡ್ಡದೆನಿಸಿದರೆ ಬಡಾವಣೆಯ ಉದ್ಯಾನವನ್ನೇ ನೋಡಬಹುದು. ಒಬ್ಬ ಶ್ರಾವಕನು ತೀರಿಕೊಂಡ ತಾಯಿಯ ಪುಣ್ಯಸ್ಮರಣೆಗಾಗಿ ಉದ್ಯಾನಕ್ಕೆ ದಾನ ನೀಡಲು ಮುಂದಾದನೆಂದು ಇಟ್ಟುಕೊಂಡರೆ, ಅವನ ಮನಸ್ಸಿಗೆ ಮೊದಲು ಬರುವುದೇನು? ಅಮೃತಶಿಲೆಯ ಆಸನ, ಕಾರಂಜಿ, ಬಣ್ಣದ ದೀಪ, ವಿದೇಶೀ ಹುಲ್ಲುಹಾಸು, ಹೆಸರಿನ ಫಲಕ. ಭಾವ ಶುದ್ಧವಾದದ್ದೇ. ಆದರೆ ಆ ಜಾಗದಲ್ಲಿ ಮೊದಲು ಯಾರು ವಾಸವಾಗಿದ್ದರು ಎಂಬ ಪ್ರಶ್ನೆಯನ್ನು ಅವನು ಕೇಳಿರುವುದಿಲ್ಲ.

ಎಕ್ಕದ ಗಿಡವನ್ನು ಕಳೆಯೆಂದು ಕಿತ್ತರೆ, ಅದರ ಎಲೆಯನ್ನೇ ತಿಂದು ಬೆಳೆಯುವ ಒಂದು ಜಾತಿಯ ಚಿಟ್ಟೆಗೆ ಮೊಟ್ಟೆಯಿಡಲು ಜಾಗವಿಲ್ಲ. ಒಣಮರವನ್ನು ಕಡಿದರೆ ಅದರ ಪೊಟರೆಯಲ್ಲಿ ಮರಿಮಾಡುವ ಗಿಳಿಗೂ ಗೂಬೆಗೂ ಮನೆಯಿಲ್ಲ. ಬರಿನೆಲಕ್ಕೆಲ್ಲ ಸಿಮೆಂಟಿನ ಹೆಂಚು ಹಾಸಿದರೆ ನೆಲದ ಮೇಲೆಯೇ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿಗೆ ಸೂತಿಕಾಗೃಹವಿಲ್ಲ. ತರಗೆಲೆಯನ್ನು ಗುಡಿಸಿ ಸುಟ್ಟರೆ ಅದರಡಿಯ ಅಸಂಖ್ಯ ಜೀವಗಳು ಬೂದಿಯಾಗುತ್ತವೆ. ಕೆರೆಯ ದಡಕ್ಕೆ ಸುತ್ತಲೂ ಕಡಿದಾದ ಕಲ್ಲಿನ ಗೋಡೆ ಕಟ್ಟಿದರೆ ಜೊಂಡು ಬೆಳೆಯದು. ಆಮೆಗೆ ಮೇಲೇರಲು, ಕೊಕ್ಕರೆಗೆ ನಿಂತು ಮೇಯಲು ಆಸರೆಯಿರದು. ಆಮೆ ಶ್ರೀ ಮುನಿಸುವ್ರತ ಭಗವಂತರ ಲಾಂಛನ. ಪೂಜೆಯಲ್ಲಿ ಲಾಂಛನಕ್ಕೆ ನಮಿಸಿ, ಊರಿನ ಕೆರೆಯಲ್ಲಿ ಅದರ ದಾರಿಗೆ ಗೋಡೆ ಕಟ್ಟುವುದು ಹೊಂದುವ ಮಾತೇ?

ದೀಪದ ವಿಷಯವನ್ನಂತೂ ಜೈನರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ದೀಪಕ್ಕೆ ಮುತ್ತುವ ಹುಳಗಳು ಅನ್ನಕ್ಕೆ ಬಿದ್ದು ಸಾಯಬಾರದೆಂದು ರಾತ್ರಿಭೋಜನವನ್ನೇ ತ್ಯಜಿಸಿದ ಸಮಾಜವಿದು. ಕೆರೆಯಂಚಿನಲ್ಲಿ, ಮರಗಳ ಗುಂಪಿನಲ್ಲಿ ರಾತ್ರಿಯಿಡೀ ಉರಿಯುವ ಪ್ರಖರ ದೀಪಗಳ ಕೆಳಗೆ ಬೆಳಿಗ್ಗೆ ಬಿದ್ದಿರುವ ಸತ್ತ ಹುಳಗಳ ರಾಶಿಯನ್ನು ಕಂಡಾಗ ಆ ತ್ಯಾಗದ ಅರ್ಥ ಮತ್ತೊಮ್ಮೆ ಮನದಟ್ಟಾಗುತ್ತದೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಬಗೆಯನ್ನು ಪ್ರಮಾದಚರ್ಯೆ ಎಂದು ಹೆಸರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡಮರ ಕಡಿಯುವುದು ಇದರಲ್ಲಿ ಸೇರುತ್ತವೆ. ಉದ್ಯಾನದ ಅನೇಕ ‘ಅಭಿವೃದ್ಧಿ’ ಕಾರ್ಯಗಳನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡುವುದು ಒಳಿತು.

ಒಳ್ಳೆಯ ಮಾದರಿಗೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, ಸುಮಾರು 48 ಎಕರೆಯದು, ಕೊಳಚೆಯಿಂದ ಹಾಳಾಗಿತ್ತು. 2009ರಿಂದ 2011ರ ಅವಧಿಯಲ್ಲಿ ಸುತ್ತಲಿನ ನಿವಾಸಿಗಳು, ಪರಿಸರ ತಜ್ಞರು ಮತ್ತು ಮಹಾನಗರಪಾಲಿಕೆ ಕೂಡಿ ಹೂಳೆತ್ತಿ, ಕೊಳಚೆಯನ್ನು ಬೇರೆಡೆಗೆ ತಿರುಗಿಸಿ, ಈ ನೆಲದ ಮರಗಳನ್ನೇ ನೆಟ್ಟು ಅದನ್ನು ಪುನರುಜ್ಜೀವನಗೊಳಿಸಿದರು. ನಡೆಯುವವರಿಗೆ ದಾರಿಯೂ ದೊರೆಯಿತು, ಹಕ್ಕಿಗಳೂ ಮರಳಿದವು. ಮನುಷ್ಯನಿಗೆ ಉದ್ಯಾನ ಬೇಡವೆಂದು ಯಾರೂ ಹೇಳುವುದಿಲ್ಲ. ಅವನ ಜೊತೆಗೆ ಉಳಿದವರಿಗೂ ಜಾಗವಿರಲಿ ಎಂಬುದೇ ಮಾತು.

ಕಳೆ ಕೀಳುವುದು ಹಿಂಸೆಯಲ್ಲವೇ?

ಇಲ್ಲಿ ಶ್ರದ್ಧಾವಂತ ಶ್ರಾವಕನಿಗೆ ಒಂದು ಸಂದೇಹ ಬರುವುದು ಸಹಜ. ವನಸ್ಪತಿಕಾಯವೂ ಜೀವವೇ. ಲಂಟಾನವನ್ನು ಬೇರುಸಹಿತ ಕೀಳುವುದು, ಕೆರೆಯ ಹೂಳೆತ್ತುವುದು ಇವುಗಳಲ್ಲಿ ಹಿಂಸೆಯಿಲ್ಲವೇ? ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಹಿಂಸೆ ಇದೆ. ಹಿಂಸೆಯನ್ನು ಅಹಿಂಸೆಯೆಂದು ಕರೆದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದು ಜೈನಮಾರ್ಗವಲ್ಲ.

ಗೃಹಸ್ಥನ ಹಿಂಸೆಯನ್ನು ಆಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಕೊಲ್ಲಬೇಕೆಂಬ ಸಂಕಲ್ಪದ ಹಿಂಸೆಯನ್ನು ಅವನು ಸಂಪೂರ್ಣ ತ್ಯಜಿಸಬೇಕು. ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡುತ್ತ, ಆದುದಕ್ಕೆ ಆಲೋಚನೆ ಪ್ರತಿಕ್ರಮಣ ಮಾಡಿಕೊಳ್ಳಬೇಕು. ಮೇರುಪ್ರಭ ಆನೆಯೂ ಗಿಡಬಳ್ಳಿಗಳನ್ನು ಕಿತ್ತೇ ಆ ಮಂಡಲವನ್ನು ಮಾಡಿತ್ತೆಂಬುದನ್ನು ಆಗಮ ಮುಚ್ಚಿಡುವುದಿಲ್ಲ. ಆದರೆ ಅದು ಪ್ರಶಂಸೆಗೆ ಪಾತ್ರವಾದದ್ದು ಕಿತ್ತ ಗಿಡಗಳಿಗಾಗಿ ಅಲ್ಲ, ಎತ್ತಿದ ಕಾಲಿಗಾಗಿ.

ಆದುದರಿಂದ ಇಂತಹ ಕೆಲಸದಲ್ಲಿ ಯತನೆಯೇ ಧರ್ಮ. ಲಂಟಾನವನ್ನು ಮೇಲೆ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಮತ್ತೆ ಮತ್ತೆ ಕತ್ತರಿಸಬೇಕಾಗುತ್ತದೆ. ಹಣ್ಣಾಗುವ ಮೊದಲೇ ಬುಡದ ಗಂಟಿನ ಕೆಳಗೆ ಒಮ್ಮೆ ಕಿತ್ತು ತಲೆಕೆಳಗಾಗಿಟ್ಟು, ತೆರವಾದ ನೆಲದಲ್ಲಿ ಊರ ಹುಲ್ಲು ಬರುವಂತೆ ಕಾದರೆ ಹಿಂಸೆ ಕಡಿಮೆ, ಫಲ ಹೆಚ್ಚು. ಪೊದೆಯಲ್ಲಿ ಗೂಡುಗಳಿವೆಯೇ ಎಂದು ನೋಡದೆ ಕೈಹಾಕಬಾರದು. ಒಂದೇ ಸಲಕ್ಕೆ ಎಲ್ಲವನ್ನೂ ಬೋಳು ಮಾಡದೆ ಭಾಗಭಾಗವಾಗಿ ಮಾಡಬೇಕು. ಬೆಂಕಿಯನ್ನೂ ವಿಷವನ್ನೂ ಬಳಸಬಾರದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಿತ್ತ ಲಂಟಾನದಿಂದ ಪೀಠೋಪಕರಣಗಳನ್ನು ಹೆಣೆದು ಜೀವನೋಪಾಯವನ್ನೂ ಕಂಡುಕೊಂಡಿದ್ದಾರೆ. ತಮಿಳುನಾಡು ಸರಕಾರ 2022ರಲ್ಲಿ ಹೊರಗಿನ ಆಕ್ರಮಣಕಾರಿ ಸಸ್ಯಗಳನ್ನು ತೆಗೆದು ನೈಸರ್ಗಿಕ ನೆಲೆಗಳನ್ನು ಪುನಃಸ್ಥಾಪಿಸುವುದಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು.

ಪ್ರತಿಕ್ರಮಣ ಎಂಬ ಶಬ್ದದ ಅರ್ಥವೇ ಹಿಂದಿರುಗುವುದು. ಆತ್ಮ ತನ್ನ ಸ್ವಭಾವಕ್ಕೆ ಹಿಂದಿರುಗುವುದು ಪ್ರತಿಕ್ರಮಣವಾದರೆ, ಕೆಡಿಸಿದ ನೆಲವನ್ನು ಅದರ ಸ್ವಭಾವಕ್ಕೆ ಹಿಂದಿರುಗಿಸುವುದನ್ನು ನೆಲದ ಪ್ರತಿಕ್ರಮಣವೆನ್ನಬಹುದು.

ವ್ಯಾಪಾರಿಗೆ ಹೇಳಿದ ಎಚ್ಚರಿಕೆ

ಜೈನ ಸಮಾಜದಲ್ಲಿ ವ್ಯಾಪಾರಿಗಳು ಹೆಚ್ಚು. ಭಗವಾನ್ ಮಹಾವೀರರ ಪ್ರಮುಖ ಶ್ರಾವಕನಾದ ಆನಂದನೂ ವಾಣಿಜ್ಯಗ್ರಾಮದ ಸಿರಿವಂತ ಗೃಹಸ್ಥನೇ. ಅವನ ವ್ರತಗಳ ಪ್ರಸಂಗದಲ್ಲಿ ಉಪಾಸಕದಶಾಂಗವು ಶ್ರಾವಕನು ಮಾಡಬಾರದ ಹದಿನೈದು ಕರ್ಮಾದಾನಗಳನ್ನು ಎಣಿಸುತ್ತದೆ. ಅವುಗಳಲ್ಲಿ ವನಕರ್ಮವಿದೆ, ದಂತವಾಣಿಜ್ಯವಿದೆ, ವಿಷವಾಣಿಜ್ಯವಿದೆ, ಕಾಡಿಗೆ ಬೆಂಕಿಯಿಡುವುದಿದೆ, ಕೊನೆಕೊನೆಗೆ ಸರೋವರ, ಮಡು, ಕೆರೆಗಳನ್ನು ಬತ್ತಿಸುವುದೂ ಇದೆ. ಕೆರೆ ಬತ್ತಿಸುವುದು ಪಾಪವೆಂದು ಅಷ್ಟು ಹಿಂದೆಯೇ ವ್ಯಾಪಾರಿಗಳಿಗೆ ಹೇಳಿದ್ದರೆಂದರೆ ಆಶ್ಚರ್ಯವಾಗುತ್ತದೆ.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯಕ್ಕೆ ಬರುವಾಗ ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ತರುತ್ತದೆ. ಜಲಾಶಯದಿಂದ ನೀರು ಬಿಟ್ಟಾಗ ಬೆಳ್ಳಗೆ ನೊರೆ ಗುಡ್ಡಗಟ್ಟಿ ನಿಲ್ಲುವುದನ್ನು ಈ ಭಾಗದವರು ಹಲವು ಬಾರಿ ಕಂಡಿದ್ದಾರೆ. ಕೆರೆಯನ್ನು ಬತ್ತಿಸದೆಯೇ ಅದರ ಜೀವವನ್ನು ತೆಗೆಯಬಹುದೆಂಬುದಕ್ಕೆ ಇದು ಸಾಕ್ಷಿ. ಆ ನೊರೆಯಲ್ಲಿ ಪ್ರತಿಯೊಬ್ಬರ ಮನೆಯ ಸಾಬೂನಿದೆ, ಅಂಗಡಿಯ ಸರಕಿದೆ, ಕಾರ್ಖಾನೆಯ ಪಾಲಿದೆ. ದಿನದ ಲೆಕ್ಕಪುಸ್ತಕದಲ್ಲಿ ಜಮಾ ಖರ್ಚು ಸರಿಹೊಂದಿದರೂ ಈ ಖಾತೆ ಬಾಕಿ ಉಳಿಯುತ್ತದೆ. ಬಾಕಿಯನ್ನು ಒಪ್ಪಿಕೊಳ್ಳುವುದು ವ್ಯಾಪಾರಿಯ ಧರ್ಮ. ತೀರಿಸುವುದು ಶ್ರಾವಕನ ಧರ್ಮ.

ಶಿಖರ್ಜಿಗಾಗಿ ಎತ್ತಿದ ದನಿ

ಇಪ್ಪತ್ತು ತೀರ್ಥಂಕರರ ಮೋಕ್ಷಭೂಮಿಯಾದ ಸಮ್ಮೇದ ಶಿಖರ್ಜಿಯ ಸುತ್ತಲಿನ ಪರಿಸರ ಸೂಕ್ಷ್ಮ ವಲಯದಲ್ಲಿ ಪ್ರವಾಸೋದ್ಯಮಕ್ಕೆ 2019ರ ಅಧಿಸೂಚನೆ ಅವಕಾಶವಿತ್ತಾಗ ದೇಶದ ಜೈನರೆಲ್ಲ ಪಂಥಭೇದ ಮರೆತು ಬೀದಿಗಿಳಿದರು. 2023ರ ಜನವರಿಯಲ್ಲಿ ಕೇಂದ್ರ ಸರಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಬೆಟ್ಟ ಬೆಟ್ಟವಾಗಿಯೇ ಇರಲಿ, ಮೋಜಿನ ತಾಣವಾಗದಿರಲಿ ಎಂಬುದೇ ಆ ಬೇಡಿಕೆಯ ಸಾರ.

ತಮಿಳುನಾಡಿನಲ್ಲಿಯೇ ಇನ್ನೊಂದು ಬೆಟ್ಟವಿದೆ. ಮಧುರೈ ಜಿಲ್ಲೆಯ ಅರಿಟ್ಟಾಪಟ್ಟಿಯಲ್ಲಿ ಜೈನ ಮುನಿಗಳ ಕಲ್ಲುಹಾಸಿಗೆಗಳೂ ಸುಮಾರು 2200 ವರ್ಷಗಳಷ್ಟು ಹಳೆಯ ತಮಿಳು ಬ್ರಾಹ್ಮೀ ಶಾಸನಗಳೂ ಇವೆ. ಅದೇ ಬಂಡೆಗಳ ಮೇಲೆ ಅಪರೂಪದ ಡೇಗೆಗಳು ವಾಸಿಸುತ್ತವೆ. ಸುಮಾರು 250 ಜಾತಿಯ ಹಕ್ಕಿಗಳಿರುವ ಆ 193 ಹೆಕ್ಟೇರ್ ನೆಲವನ್ನು 2022ರ ನವೆಂಬರಿನಲ್ಲಿ ರಾಜ್ಯದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. 2024ರಲ್ಲಿ ಆ ಭಾಗವನ್ನೊಳಗೊಂಡು ಟಂಗ್‌ಸ್ಟನ್ ಗಣಿಗಾರಿಕೆಗೆ ಹರಾಜು ನಡೆಯಿತು. ಊರಿನ ರೈತರು ಪಟ್ಟುಹಿಡಿದು ಹೋರಾಡಿದರು. 2025ರ ಜನವರಿಯಲ್ಲಿ ಕೇಂದ್ರ ಸರಕಾರ ಆ ಹರಾಜನ್ನು ರದ್ದುಪಡಿಸಿತು. ಮುನಿಗಳ ಹಾಸಿಗೆಯನ್ನು ಉಳಿಸಿದವರಲ್ಲಿ ಬಹುಪಾಲು ಜನ ಜೈನರಲ್ಲ ಎಂಬುದು ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿ.

ಶಿಖರ್ಜಿಗಾಗಿ ಎತ್ತಿದ ದನಿಯನ್ನು ಮನೆಯೆದುರಿನ ಕೆರೆಗಾಗಿಯೂ ಎತ್ತಿದರೆ ಮಾತ್ರ ಅದು ಪೂರ್ಣವಾದ ದನಿ. ತೀರ್ಥದಲ್ಲಿರುವ ಜೀವ ಬೇರೆಯಲ್ಲ, ಜೂಜುವಾಡಿಯ ಕೆರೆಯಂಗಳದ ಜೀವ ಬೇರೆಯಲ್ಲ.

ಮಹೋತ್ಸವದ ಸಂಕಲ್ಪ

ಪ್ರತಿಯೊಂದು ಕುಟುಂಬವೂ ಈ ವರ್ಷ ತನ್ನ ಶಕ್ತಿಗೆ ತಕ್ಕಂತೆ ಒಂದಾದರೂ ನಿಯಮವನ್ನು ಸ್ವೀಕರಿಸಬಹುದು.

1. ಉದ್ಯಾನದ ಅಥವಾ ಮನೆಯಂಗಳದ ಒಂದು ಮೂಲೆಯನ್ನು ಗುಡಿಸದೆ, ಸುಡದೆ, ಕತ್ತರಿಸದೆ ವರ್ಷವಿಡೀ ಬಿಡುವುದು.

2. ಸ್ಮರಣಾರ್ಥ ಗಿಡ ನೆಡುವುದಾದರೆ ಆಲ, ಅತ್ತಿ, ಹೊಂಗೆ, ಇಪ್ಪೆ, ನೇರಳೆಯಂತಹ ಈ ನೆಲದ ಮರಗಳನ್ನೇ ನೆಟ್ಟು, ಮೂರು ಬೇಸಗೆಗಳ ಕಾಲ ನೀರೆರೆಯುವುದು.

3. ಕೆರೆಯ ಮೀನಿಗೆ ಬ್ರೆಡ್ಡು, ಕೋತಿಗೆ ತಿಂಡಿ ಎಸೆಯುವುದನ್ನು ನಿಲ್ಲಿಸುವುದು. ಕಾಳು ಚೆಲ್ಲುವುದು ಸುಲಭ. ಕಾಳು ಬಿಡುವ ಹುಲ್ಲಿಗೆ ನೆಲ ಬಿಡುವುದೇ ನಿಜವಾದ ಅನ್ನದಾನ.

4. ಉತ್ಸವದ ದಿನಗಳಲ್ಲಿಯೂ ಮರಗಳಿಗೆ ದೀಪದ ಸರ ಸುತ್ತದಿರುವುದು; ರಾತ್ರಿ ಅನಗತ್ಯ ದೀಪಗಳನ್ನು ಆರಿಸುವುದು.

5. ಅಂಗಡಿ, ಕಾರ್ಖಾನೆಗಳ ಕೊಳಚೆ ನೀರು ಎಲ್ಲಿಗೆ ಸೇರುತ್ತದೆಂದು ಮಾಲೀಕನೇ ಒಮ್ಮೆ ನಡೆದುಹೋಗಿ ಕಣ್ಣಾರೆ ನೋಡುವುದು.

ಇವುಗಳಲ್ಲಿ ಯಾವುದಕ್ಕೂ ಹೆಸರಿನ ಫಲಕ ಹಾಕಲು ಜಾಗವಿಲ್ಲ. ತಾನಾಗಿ ಮರಳಿ ಬಂದ ಹುಲ್ಲಿನ ಮೇಲೆ ದಾನಿಯ ಹೆಸರು ಕೆತ್ತಲಾಗದು. ಗುಪ್ತದಾನವೆಂದರೆ ಇದೇ.

ಶ್ರವಣಬೆಳಗೊಳದ ಇಂದ್ರಗಿರಿಯ ಮೇಲೆ 981ರಲ್ಲಿ ಚಾವುಂಡರಾಯನು ನಿಲ್ಲಿಸಿದ ಬಾಹುಬಲಿಯ ಕಾಲುಗಳ ಬಳಿ ಹುತ್ತವಿದೆ, ಹುತ್ತದಲ್ಲಿ ಸರ್ಪಗಳಿವೆ, ತೋಳಿನವರೆಗೆ ಬಳ್ಳಿ ಹಬ್ಬಿದೆ. ತಪಸ್ವಿ ಅವುಗಳನ್ನು ಕಿತ್ತೊಗೆಯಲಿಲ್ಲ. ತನ್ನ ದೇಹವನ್ನೇ ಅವುಗಳಿಗೆ ನೆಲೆಯಾಗಿ ಬಿಟ್ಟುಕೊಟ್ಟನು. ಗೃಹಸ್ಥನಿಂದ ಅಷ್ಟು ಆಗದು. ಆನೆ ಬಿಟ್ಟಷ್ಟು ಜಾಗವನ್ನಾದರೂ, ಒಂದು ಹೆಜ್ಜೆಯಷ್ಟನ್ನಾದರೂ, ಅವನು ಬಿಡಬಲ್ಲನು.

ಅರಿತೋ ಅರಿಯದೆಯೋ ನೆಲ, ಜಲ, ಅಗ್ನಿ, ವಾಯು, ವನಸ್ಪತಿ ಹಾಗೂ ತ್ರಸ ಜೀವಗಳಿಗೆ ಈ ಊರಿನಲ್ಲಿ ಆದ ನೋವಿಗೆಲ್ಲ ಮಿಚ್ಛಾಮಿ ದುಕ್ಕಡಂ. ಸಕಲ ಜೀವರಾಶಿಗೂ ಅದರದರ ಮನೆ ದೊರೆಯಲಿ. ಸರ್ವರಿಗೂ ಮಂಗಳವಾಗಲಿ.

ಜೈ ಜಿನೇಂದ್ರ.